ಮೃದಂಗದ ಮುಂದೆ ಕೂತಾಗ ತಲೆಯೊಳಗೆ ಏನಾಗುತ್ತದೆ?

ಸಾಧನೆಗೆ ಕೂತಾಗ ಮನಸ್ಸು ನಿಲ್ಲಬೇಕಾದರೆ ಪಾಠ ಎಷ್ಟು ಕಷ್ಟವಿದೆ ಅನ್ನುವುದೇ ಮುಖ್ಯ. ಕಣ್ಣು ಮುಚ್ಚಿ ಉಸಿರು ಎಣಿಸುವುದೆಲ್ಲ ನನಗೆ ಒಗ್ಗಲಿಲ್ಲ.

ನಾನು ಹಾಸನದವ. ಹಗಲು ಲೆಕ್ಕಪತ್ರದ ಕೆಲಸ, ಬೆಳಗಿನ ಜಾವ ಮೃದಂಗ. ಕೂತ ಕೂಡಲೇ ಮೃದಂಗದ ಎಡಭಾಗಕ್ಕೆ ರವೆ ಕಲಸಿ ಹಚ್ಚುತ್ತೇನೆ. ಹೆಚ್ಚಾದರೆ ನಾದ ಮಂಕು, ಕಮ್ಮಿಯಾದರೆ ಬರೀ ಚಟಪಟ. ಚಿಟಿಕೆ ಚಿಟಿಕೆಯಾಗಿ ಕಿತ್ತು ಸರಿಮಾಡಬೇಕು. ಕೈಗೆ ರವೆ ಅಂಟಿರುವುದರಿಂದ ಮೊಬೈಲೂ ಮುಟ್ಟುವ ಹಾಗಿಲ್ಲ!

ಮೊದಲು ಎಂಟು ಎಣಿಕೆಯ ಆದಿತಾಳದಲ್ಲಿ ಚತುರಶ್ರ ನಡೆ, ಅಂದರೆ ಒಂದೊಂದು ಎಣಿಕೆಯನ್ನೂ ನಾಲ್ಕಾಗಿ ಒಡೆಯುವ ಓಟ. ಎಷ್ಟು ರೂಢಿಯೆಂದರೆ ಬೆರಳು ನುಡಿಸುತ್ತಿರುತ್ತದೆ, ತಲೆ ಸಾಲದ ಕಂತು ಲೆಕ್ಕ ಹಾಕುತ್ತಿರುತ್ತದೆ. ನಾವು ಸುಮ್ಮನಿದ್ದಾಗ ಚುರುಕಾಗುವ ಇಂಥ ಮೆದುಳಿನ ಚಟುವಟಿಕೆಗೆ ನರವಿಜ್ಞಾನಿ ಮಾರ್ಕಸ್ ರೈಕಲ್ ತಂಡ 2001ರಲ್ಲಿ 'ಡೀಫಾಲ್ಟ್ ಮೋಡ್' ಎಂದು ಹೆಸರಿಟ್ಟಿತು. ಆಮೇಲೆ ಮಿಶ್ರ ನಡೆ, 'ತಕಿಟ ತಕದಿಮಿ', ಏಳರ ಲೆಕ್ಕ. ಟಕ್ ಟಕ್ ಎಂದು ಲಯ ಕೊಡುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60ಕ್ಕಿಟ್ಟು ಶುರು ಮಾಡಿ, ಎಡವದಿದ್ದರೆ ನಾಲ್ಕು ಏರಿಸುತ್ತೇನೆ. ಭುಜ ಬಿಗಿದು, ತಪ್ಪಿತೇನೋ ಎಂಬ ಅನುಮಾನ ಹುಟ್ಟಿದರೆ ಎರಡು ಇಳಿಸುತ್ತೇನೆ. ಹೀಗೆ ಏರಿಳಿಸುತ್ತ ಒಂದು ವೇಗದಲ್ಲಿ ಕೈ ಕೂರುತ್ತದೆ. ಆಗ ಅಡುಗೆಮನೆಯ ಕುಕ್ಕರ್ ಕೂಗಿದ್ದೂ ಕಿವಿಗೆ ಬೀಳುವುದಿಲ್ಲ.

ಈ ತನ್ಮಯತೆಯನ್ನು 'ಫ್ಲೋ' ಎಂದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1975ರಲ್ಲೇ ಹೇಳಿದ್ದರು: ಕೆಲಸದ ಕಷ್ಟವೂ ಮಾಡುವವನ ಪಳಗಿಕೆಯೂ ಸರಿದೂಗಬೇಕು. 2014ರಲ್ಲಿ ಜರ್ಮನಿಯ ಸಂಶೋಧಕರು ಜನರನ್ನು ಮೆದುಳಿನ ಸ್ಕ್ಯಾನರ್‌ನೊಳಗೆ ಮಲಗಿಸಿ, ಅವರವರ ಶಕ್ತಿಗೆ ತಕ್ಕ ಮನಗಣಿತ ಕೊಟ್ಟು ನೋಡಿದರು. ತೀರ ಸುಲಭದ್ದಕ್ಕೂ ತೀರ ಕಷ್ಟದ್ದಕ್ಕೂ ಹೋಲಿಸಿದರೆ, ಹಣೆಯ ಹಿಂದಿನ ನಡುಭಾಗದ ಚಟುವಟಿಕೆ ತಗ್ಗಿತ್ತು. ನಮ್ಮ ಬಗ್ಗೆ ನಾವೇ ಯೋಚಿಸುವಾಗ ದುಡಿಯುವ ಭಾಗವದು. ಮೆದುಳಿನಲ್ಲಿ ಆತಂಕಕ್ಕೆ ಸಂಬಂಧಪಟ್ಟ ಅಮಿಗ್ಡಲ ಎಂಬ ಭಾಗವೂ ತಣ್ಣಗಿತ್ತು.

ಹಾಗೆಂದು ಮೆದುಳೇ ಆಫ್ ಆಗುತ್ತದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2008ರಲ್ಲಿ ಸಂಶೋಧಕರಾದ ಚಾರ್ಲ್ಸ್ ಲಿಂಬ್, ಅಲೆನ್ ಬ್ರಾನ್ ಇಬ್ಬರೂ 6 ಜಾಝ್ ಪಿಯಾನೊ ವಾದಕರ ಕೈಗೆ ಪುಟ್ಟ ಕೀಬೋರ್ಡ್ ಕೊಟ್ಟು, ಸ್ಕ್ಯಾನರ್‌ನಲ್ಲೇ ಮನೋಧರ್ಮದಿಂದ, ಅಂದರೆ ಆ ಕ್ಷಣಕ್ಕೆ ತೋಚಿದ್ದನ್ನು, ನುಡಿಸಲು ಹೇಳಿದರು. ತಪ್ಪು ಒಪ್ಪು ಕಾಯುವ, ಹಣೆಯ ಪಕ್ಕದ ಭಾಗಗಳು ಇಳಿದವು. ನಡುಭಾಗ ಮಾತ್ರ ಏರಿತು. ಲೆಕ್ಕ ಮಾಡುವಾಗ ಇಳಿದದ್ದು ಇಲ್ಲಿ ಏರಿದೆ ನೋಡಿ. ನನ್ನ ಕೈಯ ಅನುಭವವೂ ಹೀಗೇ. ನಡೆ ತಿದ್ದುವ ತನ್ಮಯತೆ ಬೇರೆ, ತನಿಯಲ್ಲಿ, ಅಂದರೆ ಮೃದಂಗವೊಂದೇ ನುಡಿಯುವ ಸರದಿಯಲ್ಲಿ, ಬಿಟ್ಟು ನುಡಿಸುವ ತನ್ಮಯತೆ ಬೇರೆ.

ಅದಕ್ಕೇ ಸಂಗೀತ ಕಚೇರಿಯ ದಿನ ಮೆಟ್ರೊನೋಮ್ ಹಚ್ಚುವುದಿಲ್ಲ. ರಾಮನವಮಿ ಪೆಂಡಾಲಿನಲ್ಲಿ ತನಿ ಬಿಟ್ಟುಕೊಟ್ಟಾಗ ನುಡಿಸಾಣಿಕೆ ಮುಗಿಸುವ ಹೊಸ ಮುಕ್ತಾಯದ ಸಾಹಸಕ್ಕೂ ಹೋಗುವುದಿಲ್ಲ. ಮನೆಯಲ್ಲಿ ಕೈಗೆ ಕೂತ ಹಳೆಯದನ್ನೇ ಇಟ್ಟುಕೊಂಡು, ಅದರ ಮುಂಚಿನ ನಡೆಯನ್ನು ಅಲ್ಲೇ ಕಟ್ಟುತ್ತೇನೆ.