ನ್ಯಾನೊ ನಾರಿಗೆ ಆಮ್ಲದ ಗುಂಪುಗಳನ್ನು ಕೂಡಿಸುವ ಬಗೆ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ಡ್ರಮ್ಮು ತೊಳೆದ ನೀರಿನಿಂದ ತಾಮ್ರದ ಅಯಾನುಗಳನ್ನು ಹಿಡಿಯಲು ಪಾಲಿಅಕ್ರಿಲೊನೈಟ್ರೈಲ್ ಎಂಬ ಕೃತಕ ಪಾಲಿಮರಿನ ನ್ಯಾನೊ ನಾರಿನ (ಕೂದಲಿಗಿಂತ ಬಹಳ ತೆಳುವಾದ ಎಳೆಗಳ) ಹಾಳೆಯನ್ನು ಬಳಸಬೇಕೆಂದರೆ, ಮೊದಲು ಅದರ ನೈಟ್ರೈಲ್ (ಇಂಗಾಲ-ಸಾರಜನಕದ) ಗುಂಪುಗಳಲ್ಲಿ ಒಂದಷ್ಟನ್ನು ತಾಮ್ರವನ್ನು ಹಿಡಿಯಬಲ್ಲ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪುಗಳಾಗಿ ಪರಿವರ್ತಿಸಬೇಕು.

ಕನ್ನಡಕ, ಕೈಗವಸು ಧರಿಸಿ, ಹಾಳೆಯನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮುಳುಗಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಬಿಳಿಯ ಹಾಳೆ ಹಳದಿಗೆ, ಬಳಿಕ ಕೆಂಗಿತ್ತಳೆಗೆ ತಿರುಗುತ್ತದೆ. ಕೆಟ್ಟಿತೆಂದು ಎಸೆಯಬೇಡಿ, ಕ್ರಿಯೆ ಮುಂದುವರಿದಂತೆ ಬಣ್ಣ ಮಾಸುತ್ತದೆ. ಇಲ್ಲಿ ಗಡಿಯಾರಕ್ಕಿಂತ ಕಣ್ಣನ್ನು ನಂಬುವುದೇ ಲೇಸು, ಏಕೆಂದರೆ ಹೆಚ್ಚು ಹೊತ್ತು ಬಿಟ್ಟರೆ ನಾರು ನೀರು ಹೀರಿ ಉಬ್ಬಿ, ಗಂಜಿಯಂತೆ ಲೋಳೆಯಾಗಿ, ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಆಗಾಗ ಚಿಮಟದಿಂದ ಒಂದು ಅಂಚನ್ನು ಎತ್ತಿ ನೋಡಿ.

ಅನಂತರ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದರೆ ಸೋಡಿಯಂ ಲವಣದ ರೂಪ ಆಮ್ಲದ ರೂಪಕ್ಕೆ ಬರುತ್ತದೆ. ತೊಳೆದ ನೀರು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುವುದು ನಿಲ್ಲುವವರೆಗೂ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.