ಬ್ರಯರ್ ಪೈಪಿನ ಮೆರುಗು: ಮರದ ಹದದಿಂದ ಮೇಣದವರೆಗೆ

ಹೊಗೆಸೊಪ್ಪಿನ ಪೈಪಿಗೆ ಬಳಸುವ ಬ್ರಯರ್ ಕಾಂಡದ ಮರವಲ್ಲ. ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಬುಡದಲ್ಲಿ, ಬೇರಿಗೂ ಕಾಂಡಕ್ಕೂ ನಡುವೆ ಮಣ್ಣಿನೊಳಗೆ ಬೆಳೆಯುವ ಗಂಟು. ಇಟಲಿಯ ಕಲಾಬ್ರಿಯಾ, ಫ್ರಾನ್ಸಿನ ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾಗಳ ಒಣ ಗುಡ್ಡಗಳಲ್ಲಿ ಕಾಳ್ಗಿಚ್ಚು ಬಂದು ಕೊಂಬೆಗಳೆಲ್ಲ ಸುಟ್ಟುಹೋದರೂ ಈ ಗಂಟಿನಿಂದಲೇ ಗಿಡ ಮತ್ತೆ ಚಿಗುರುತ್ತದೆ. ಒತ್ತಾದ ನಾರಿನ ಈ ಮರ ಶಾಖವನ್ನು ತಾಳಿಕೊಳ್ಳುತ್ತದೆ, ಹೊಗೆಯ ತೇವವನ್ನೂ ಹೀರಿಕೊಳ್ಳುತ್ತದೆ.

ಅಗೆದ ಗಂಟು ಬೇಗ ಒಣಗಿದರೆ ಸೀಳುವುದರಿಂದ ಕೊಯ್ಯುವ ತನಕ ಅದನ್ನು ಒದ್ದೆಯಾಗಿಯೇ ಇಡುತ್ತಾರೆ. ಕೊಯ್ದ ತುಂಡುಗಳನ್ನು ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸವನ್ನೂ ಒಗರು ಕೊಡುವ ಟ್ಯಾನಿನ್ನನ್ನೂ ಹೊರತೆಗೆದು, ಆಮೇಲೆ ನೆರಳಿನಲ್ಲಿ ತಿಂಗಳುಗಳ ಕಾಲ, ಕೆಲವರು ವರ್ಷಗಳ ಕಾಲ, ಒಣಗಿಸುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಹದವಾದ ತುಂಡನ್ನೇ ಕೊಳ್ಳಿ. ಆದರೂ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲ್ಲಿನಿಂದ ಮರದ ಮೇಲೆಯೇ ಬರೆದಿಡಿ. ತಿಂಗಳಿಂದ ತಿಂಗಳಿಗೆ ಅಂಕಿ ಇಳಿಯುತ್ತಿರುವಷ್ಟು ಕಾಲ ಉಳಿ ಮುಟ್ಟಿಸಬೇಡಿ.

ತುಂಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ನಾರಿನ ದಿಕ್ಕು ಕಾಣುತ್ತದೆ. ನಾರು ಉದ್ದಕ್ಕೆ ಓಡಿದ ಮುಖದಲ್ಲಿ ನೇರ ಗೆರೆಗಳು, ಅದರ ತುದಿ ಎದ್ದುಬಂದ ಮುಖದಲ್ಲಿ ಹಕ್ಕಿಕಣ್ಣಿನಂಥ ಚುಕ್ಕೆಗಳು. ಇದನ್ನು ನೋಡಿಕೊಂಡೇ ಪೈಪಿನ ಆಕಾರವನ್ನು ಬರೆದುಕೊಳ್ಳಬೇಕು. ಮರ ಇನ್ನೂ ಚೌಕವಾಗಿ ಬಿಗಿಯಾಗಿ ಹಿಡಿದು ನಿಲ್ಲುವಾಗಲೇ ರಂಧ್ರಗಳನ್ನು ಕೊರೆಯುವುದು ಕ್ಷೇಮ: ಬಟ್ಟಲಿಗೆ ಸುಮಾರು 19ರಿಂದ 20 ಮಿಲಿಮೀಟರ್, ಹೊಗೆನಾಳಕ್ಕೆ 4. ನಾಳವು ಬಟ್ಟಲಿನ ತಳಕ್ಕೇ ಸರಿಯಾಗಿ ಬಂದು ಸೇರಬೇಕು. ಮೇಲೆ ಸೇರಿದರೆ ಅಡಿಯಲ್ಲಿ ಒದ್ದೆ ಹೊಗೆಸೊಪ್ಪು ಉರಿಯದೆ ಉಳಿಯುತ್ತದೆ.

ಅರದಿಂದ ಆಕಾರ ತೆಗೆಯುವಾಗ, ಅದೂ ಕೆಲಸ ಮುಗಿಯಿತು ಎನ್ನುವ ಹೊತ್ತಿಗೇ, ಎಳ್ಳುಕಾಳಿನಷ್ಟು ಕಪ್ಪು ಕುಳಿಯೊಂದು ತೆರೆದುಕೊಳ್ಳುವುದುಂಟು. ಸಣ್ಣದಾದರೆ ಇನ್ನಷ್ಟು ಉಜ್ಜಿದಾಗ ಮಾಯವಾಗಬಹುದು, ಇಲ್ಲವೇ ಇನ್ನೂ ಆಳಕ್ಕೆ ಇಳಿಯಬಹುದು. ಮರದ ಪುಡಿ ಮತ್ತು ಅಂಟಿನಿಂದ ತುಂಬಿದ ಕುಳಿ ಬಣ್ಣವನ್ನು ಮರದಂತೆ ಹೀರುವುದಿಲ್ಲವಾದ್ದರಿಂದ ಕಲೆಯಾಗಿ ಎದ್ದು ಕಾಣುತ್ತದೆ. ಅದಕ್ಕಿಂತ ಆ ಭಾಗವನ್ನು ಉಳಿಯಿಂದ ಕೆತ್ತಿ ಒರಟಾಗಿಯೇ ಬಿಡುವುದು ಪ್ರಾಮಾಣಿಕ ದಾರಿ ಎಂದು ನನ್ನ ಅಭಿಪ್ರಾಯ.

ಇನ್ನು ಉಪ್ಪುಕಾಗದ; ಅದರ ಅಂಕಿ ಏರಿದಷ್ಟೂ ಕಾಗದ ನಯ. 120ರಿಂದ ಆರಂಭಿಸಿ 220, 320, 400, 600 ಎಂದು ಏರಬೇಕು, ಒಂದನ್ನೂ ಹಾರಿಸಬಾರದು, ಮೂಗಿಗೆ ಮುಖಗವಸು ಇಲ್ಲದೆ ಕೂರಬಾರದು. ಪ್ರತಿ ಹಂತದ ಕೊನೆಯಲ್ಲಿ ಮರವನ್ನು ಒದ್ದೆ ಮಾಡಿ ಒಣಗಲು ಬಿಟ್ಟರೆ ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಅದನ್ನು ಮುಂದಿನ ಕಾಗದ ಕತ್ತರಿಸುತ್ತದೆ. ಕಿಟಕಿಯ ಪಕ್ಕ ಕುಳಿತು ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ: ಬಟ್ಟಲು ಮತ್ತು ಕೊಳವೆ ಕೂಡುವ ಬಳುಕಿನಲ್ಲಿ, ಬೆರಳು ಸರಿಯಾಗಿ ಹೋಗದ ಆ ಮೂಲೆಯಲ್ಲಿ, 120ರ ಗೀರುಗಳು ಇನ್ನೂ ಅಡಗಿರುತ್ತವೆ. ಬಣ್ಣ ಹಾಕಿದೊಡನೆ ಅವೇ ಮೊದಲು ಕಪ್ಪಾಗುತ್ತವೆ.

ಸ್ಪಿರಿಟ್ಟಿನಲ್ಲಿ ಕರಗಿದ ಬಣ್ಣ ಬೇಗ ಒಳಗಿಳಿಯುತ್ತದೆ. ಮೊದಲು ಗಾಢ ಕಂದು ಬಳಿದು, ಒಣಗಿದ ಮೇಲೆ 400ರಿಂದ ಉಜ್ಜಿ ತೆಗೆದರೆ ಬಣ್ಣವನ್ನು ಹೆಚ್ಚು ಹೀರಿದ ನಾರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. 600ರಿಂದ ಆ ಗೀರುಗಳನ್ನೂ ಅಳಿಸಿ, ಮೇಲೆ ತಿಳಿಯಾದ ಕಿತ್ತಳೆಯನ್ನೋ ಜೇನುಬಣ್ಣವನ್ನೋ ಬಳಿಯಿರಿ.

ಕೊನೆಗೆ ಮೆರುಗು. ಚನ್ನಪಟ್ಟಣದ ಆಟಿಕೆಗಳ ಮೇಲೆ ಲೇತಿನ ಬಿಸಿಗೆ ಕರಗಿ ಹರಡುವ ಅರಗು ನೋಡಲು ಚೆಂದ, ಆದರೆ ಪ್ರತಿ ಸಲವೂ ಬಿಸಿಯಾಗುವ ಬಟ್ಟಲಿನ ಮೇಲೆ ಅದೇ ಗುಣ ದೋಷವಾಗುತ್ತದೆ. ದಪ್ಪ ವಾರ್ನಿಷ್ ಕೂಡ ಬೇಡ. ಯಂತ್ರದಲ್ಲಿ ತಿರುಗುವ ಬಟ್ಟೆಯ ಚಕ್ರಕ್ಕೆ ಟ್ರಿಪೋಲಿ ಎಂಬ ನಯವಾದ ಉಜ್ಜುಪುಡಿ ಹಚ್ಚಿ ಒಮ್ಮೆ ಉಜ್ಜಿ, ಆ ಪುಡಿಯನ್ನು ಪೂರ್ತಿ ಒರೆಸಿ, ಬೇರೆಯೇ ಒಂದು ಶುದ್ಧ ಚಕ್ರದಲ್ಲಿ ಬ್ರೆಜಿಲಿನ ತಾಳೆಯೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನು ತೆಳ್ಳಗೆ ಹಿಡಿಯಿರಿ. ಅದು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುವುದರಿಂದ ಚಕ್ರದ ತಿಕ್ಕಾಟವೇ ಬೇಕು, ಕೈಯಲ್ಲಿ ಉಜ್ಜಿದರೆ ಹರಡುವುದಿಲ್ಲ. ಬಳಕೆಯಲ್ಲಿ ಹೊಳಪು ಮಾಸಿದರೆ ಮತ್ತೆ ಹಚ್ಚಿಕೊಳ್ಳಬಹುದು. ಬಟ್ಟಲಿನ ಒಳಗೋಡೆಗೆ ಮಾತ್ರ ಬಣ್ಣವಾಗಲಿ ಮೇಣವಾಗಲಿ ತಾಗಕೂಡದು. ಬಣ್ಣ ಹಚ್ಚುವ ಮೊದಲೇ ಬಾಯಿಗೆ ಬಿಗಿಯಾದ ಕಾರ್ಕ್ ಬಿರಡೆ ಹಾಕಿ, ಮೇಣದ ಕೆಲಸ ಮುಗಿದ ಮೇಲೆ ತೆಗೆಯಿರಿ.