ತಾರತಮ್ಯದ ದೂರು, ದೂರಿತ್ತಿದ್ದಕ್ಕೆ ಸೇಡು: ಅಮೆರಿಕದ ಫೆಡರಲ್ ನೌಕರರು ವಿಚಾರಣೆಗೆ ಸಿದ್ಧವಾಗುವ ಬಗೆ

ಅಮೆರಿಕದ ಫೆಡರಲ್ ಇಲಾಖೆಗಳಲ್ಲಿ ಜನಾಂಗ, ಮೈಬಣ್ಣ, ಧರ್ಮ, ಲಿಂಗ, ಮೂಲದೇಶ, ಅಂಗವೈಕಲ್ಯ ಅಥವಾ 40 ತುಂಬಿದ ವಯಸ್ಸಿನ ಕಾರಣಕ್ಕೆ ತಾರತಮ್ಯವಾದಾಗ ಸಾಮಾನ್ಯವಾಗಿ ಮೊದಲ ಬಾಗಿಲು ಕೋರ್ಟಲ್ಲ, ಇಲಾಖೆಯದೇ ಇಇಒ (ಸಮಾನ ಉದ್ಯೋಗಾವಕಾಶ) ಕೌನ್ಸೆಲರ್. ಘಟನೆ ನಡೆದ 45 ದಿನಗಳೊಳಗೆ ಅವರನ್ನು ಸಂಪರ್ಕಿಸಬೇಕು. ರಜಾದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಗಟ್ಟಿಯಾದ ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ. ಮೇಲಧಿಕಾರಿಗೆ ಮನವಿ ಕೊಟ್ಟು ಉತ್ತರಕ್ಕೆ ಕಾಯುತ್ತ ಕುಳಿತರೆ ಗಡುವು ನಿಲ್ಲುವುದಿಲ್ಲ. ಕಾರ್ಮಿಕ ಒಕ್ಕೂಟದ ಒಪ್ಪಂದ ತಾರತಮ್ಯದ ವಿಷಯವನ್ನೂ ಒಳಗೊಂಡಿದ್ದರೆ ಇನ್ನೂ ಎಚ್ಚರ ಬೇಕು: ಅಲ್ಲಿ ಲಿಖಿತ ದೂರು ಮೊದಲು ಕೊಟ್ಟರೆ ಅದೇ ವಿಷಯಕ್ಕೆ ಇಇಒ ದಾರಿ ಮುಚ್ಚಬಹುದು.

ಕೌನ್ಸೆಲರ್ ಹಂತಕ್ಕೆ 30 ದಿನ. ಮಧ್ಯಸ್ಥಿಕೆಗೆ ಒಪ್ಪಿದರೆ 90 ದಿನ. ರಾಜಿಯಾಗದಿದ್ದರೆ ನೋಟಿಸ್ ಬರುತ್ತದೆ. ಅದು ಕೈಸೇರಿದ 15 ದಿನಗಳಲ್ಲಿ ಸಹಿ ಮಾಡಿದ ವಿಧಿವತ್ ದೂರು ಸಲ್ಲಬೇಕು. ಕೌನ್ಸೆಲರ್ ಬಳಿ ಎತ್ತದ ವಿಷಯವನ್ನು ಇಲ್ಲಿ ಹೊಸದಾಗಿ ತುರುಕಿದರೆ, ಮೊದಲಿನದಕ್ಕೆ ಸಂಬಂಧವಿಲ್ಲದಿದ್ದಲ್ಲಿ, ಇಲಾಖೆ ಅದನ್ನು ತಳ್ಳಿಹಾಕುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಪ್ರತಿ ಘಟನೆಯ ದಿನಾಂಕ, ಮಾಡಿದವರು, ಕಂಡವರು, ತಾರತಮ್ಯದ ಆಧಾರ ಇಷ್ಟನ್ನೂ ಬರೆದುಕೊಡಿ.

ಆಮೇಲೆ ಇಲಾಖೆ 180 ದಿನಗಳಲ್ಲಿ ತನಿಖೆ ಮುಗಿಸಬೇಕು. ತನಿಖಾಧಿಕಾರಿ ಪ್ರಮಾಣ ಮಾಡಿದ ಲಿಖಿತ ಹೇಳಿಕೆ (ಅಫಿಡವಿಟ್) ಕೇಳಿದಾಗ ಎರಡು ಸಾಲು ಗೀಚಿ ಕಳಿಸಬೇಡಿ. ಮುಂದೆ ನ್ಯಾಯಾಧೀಶರ ಮುಂದಿರುವುದು ತನಿಖೆಯ ಈ ಕಡತವೇ. ನಿಮ್ಮಂಥದೇ ಕೆಲಸ, ಅದೇ ಮೇಲಧಿಕಾರಿ, ಅಂಥದೇ ತಪ್ಪು, ಆದರೆ ಬೇರೆ ಗುಂಪಿನವರು, ಅವರಿಗೆ ಏನೂ ಆಗಲಿಲ್ಲ: ಇಂಥ ಒಬ್ಬ ಸಹೋದ್ಯೋಗಿಯ ಉದಾಹರಣೆ ಹತ್ತು ಪುಟದ ಅಳಲಿಗಿಂತ ತೂಕದ್ದು. ಆ ದಾಖಲೆಗಳನ್ನು ತರಿಸುವಂತೆ ತನಿಖಾಧಿಕಾರಿಯನ್ನು ಲಿಖಿತವಾಗಿ ಕೇಳಿ.

ಕಡತದ ಪ್ರತಿಯ ಜೊತೆಗಿನ ನೋಟಿಸ್ ತಲುಪಿದ 30 ದಿನಗಳಲ್ಲಿ ಆಯ್ಕೆ ಮಾಡಬೇಕು: ಇಲಾಖೆಯೇ ತೀರ್ಪು ಬರೆಯಲಿ ಎನ್ನುವುದು, ಇಲ್ಲವೇ ಸಮಾನ ಉದ್ಯೋಗಾವಕಾಶ ಆಯೋಗದ, ಅಂದರೆ ಇಇಒಸಿಯ, ಆಡಳಿತ ನ್ಯಾಯಾಧೀಶರ ವಿಚಾರಣೆ ಕೋರುವುದು. ಸಾಕ್ಷಿಗಳ ಮಾತಿನ ನಿಜ ಸುಳ್ಳು ತೂಗಬೇಕಾದ ಪ್ರಕರಣಕ್ಕೆ ವಿಚಾರಣೆಯೇ ಸರಿ. ಆರೋಪ ಹೊತ್ತ ಇಲಾಖೆಯೇ ತನ್ನ ಬಗ್ಗೆ ತೀರ್ಪು ಬರೆಯುವುದನ್ನು ನೆಚ್ಚಿಕೊಳ್ಳಬೇಡಿ. 180 ದಿನ ಕಳೆದರೂ ತನಿಖೆ ಮುಗಿಯದಿದ್ದರೆ ಇನ್ನೂ ಕಾಯುತ್ತ ಕೂರದೆ ವಿಚಾರಣೆ ಕೋರಬಹುದು. ಕೋರಿಕೆಯ ಪ್ರತಿ ಇಲಾಖೆಗೂ ಹೋಗಬೇಕು.

ಸೇಡಿನ ಆರೋಪಕ್ಕೆ ವಿಶೇಷ ಗಮನ ಕೊಡಿ. ಮೂಲ ತಾರತಮ್ಯ ರುಜುವಾಗದಿದ್ದರೂ ಸೇಡು ರುಜುವಾಗಬಹುದು. ಅದಕ್ಕೆ ತೋರಿಸಬೇಕಾದ್ದು: ನೀವು ದೂರು ಕೊಟ್ಟಿರಿ, ಸಾಕ್ಷಿ ಹೇಳಿದಿರಿ ಅಥವಾ ತಾರತಮ್ಯವನ್ನು ವಿರೋಧಿಸಿದಿರಿ, ಅದು ಮೇಲಧಿಕಾರಿಗೆ ಗೊತ್ತಿತ್ತು, ಆಮೇಲೆ ನಿಮಗೆ ಕೆಡುಕಾಯಿತು, ಎರಡಕ್ಕೂ ನಂಟಿದೆ. ಜಾರುವುದು ಎರಡನೆಯ ಕೊಂಡಿ. ‘ನನಗೆ ಗೊತ್ತೇ ಇರಲಿಲ್ಲ’ ಎಂದು ಅಧಿಕಾರಿ ಹೇಳಿದರೆ ಅದನ್ನು ಸುಳ್ಳಾಗಿಸುವ ಇಮೇಲ್, ಸಭೆಯ ಟಿಪ್ಪಣಿ ಬೇಕು. ಕೆಡುಕು ಎಂದರೆ ವಜಾ ಆಗಿರಲೇಬೇಕೆಂದಿಲ್ಲ. ವಿವೇಕಿ ನೌಕರನನ್ನು ದೂರು ಕೊಡದಂತೆ ಹಿಂಜರಿಸುವ ಯಾವ ಕ್ರಮವಾದರೂ ಸಾಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ತನಿಖೆ ನಡೆಯುವಾಗಲೇ ಸೇಡು ಶುರುವಾದರೆ, ಅದು ಮುಗಿಯುವ ಮೊದಲೇ ದೂರಿಗೆ ತಿದ್ದುಪಡಿ ಕೇಳಿ.

ವಿಚಾರಣೆ ಕೋರಿದ ತಕ್ಷಣ ಸಾಕ್ಷಿಗಳ ಸಾಲು ಶುರುವಾಗುವುದಿಲ್ಲ. ಮೊದಲು ದಾಖಲೆ ಮತ್ತು ಪ್ರಶ್ನಾವಳಿಗಳ ವಿನಿಮಯ. ನ್ಯಾಯಾಧೀಶರು ಕೊಟ್ಟ ಗಡುವು ತಪ್ಪಿದರೆ ದಂಡನೆಯುಂಟು, ವಿಚಾರಣೆಯ ಕೋರಿಕೆಯೇ ವಜಾ ಆಗಲೂಬಹುದು. ಅನಂತರ ಇಲಾಖೆಯ ವಕೀಲರು ಸಾಮಾನ್ಯವಾಗಿ ಸಾಕ್ಷಿಗಳನ್ನು ಕೇಳದೆಯೇ ತೀರ್ಪು ಕೊಡಿ ಎಂದು ಅರ್ಜಿ ಹಾಕುತ್ತಾರೆ. ಉತ್ತರಕ್ಕೆ ನಿಯಮದಲ್ಲಿರುವುದು 15 ದಿನ. ‘ಒಪ್ಪುವುದಿಲ್ಲ’ ಎಂದರೆ ಸಾಲದು. ಯಾವ ಸಂಗತಿಯಲ್ಲಿ ವಿವಾದವಿದೆ, ಕಡತದ ಯಾವ ಪುಟ ಅದನ್ನು ತೋರಿಸುತ್ತದೆ ಎಂದು ಪುಟಸಂಖ್ಯೆ ಸಮೇತ ಬರೆಯಿರಿ.

ವಿಚಾರಣೆ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಸಾಕ್ಷಿಗಳು ಪ್ರಮಾಣ ಮಾಡಿ ಹೇಳುತ್ತಾರೆ, ಪಾಟೀಸವಾಲು ಇರುತ್ತದೆ, ಪ್ರತಿ ಮಾತೂ ದಾಖಲಾಗುತ್ತದೆ. ಆ ಖರ್ಚು ಇಲಾಖೆಯದು. ಇಲಾಖೆ ಕೊಟ್ಟ ಕಾರಣ ನೆಪವೆಂದು ತೋರಿಸುವ ಹೊಣೆ ಮಾತ್ರ ನಿಮ್ಮದೇ. ಕಾರಣ ಕಾಲಕಾಲಕ್ಕೆ ಬದಲಾಗಿದ್ದರೆ ಅದನ್ನೇ ಹಿಡಿಯಿರಿ.

ಗೆದ್ದರೆ ಬಾಕಿ ವೇತನ, ಹುದ್ದೆ, ವಕೀಲರ ಶುಲ್ಕ ಸಿಗಬಹುದು. ಮಾನಸಿಕ ನೋವಿಗೆ ಪರಿಹಾರ ಗರಿಷ್ಠ 3,00,000 ಡಾಲರ್. ವೈದ್ಯರ ದಾಖಲೆ, ಮನೆಯವರ ಹೇಳಿಕೆ ಇಲ್ಲದೆ ಕೇಳಿದರೆ ಅಲ್ಪವೇ ಸಿಕ್ಕೀತು. ವಯಸ್ಸಿನ ತಾರತಮ್ಯದ ದೂರಿಗೆ ಈ ಪರಿಹಾರವಿಲ್ಲ.

ತೀರ್ಪು ಬಂದ ಮೇಲೆ ಅಂತಿಮ ಆದೇಶ ಹೊರಡಿಸಲು ಇಲಾಖೆಗೆ 40 ದಿನ. ತೀರ್ಪನ್ನು ಜಾರಿ ಮಾಡುವುದಿಲ್ಲವೆಂದರೆ ಇಲಾಖೆಯೇ ಆಯೋಗಕ್ಕೆ ಮೇಲ್ಮನವಿ ಹಾಕಬೇಕು. ಸುಮ್ಮನಿದ್ದರೆ ತೀರ್ಪೇ ಅಂತಿಮ. ನಿಮ್ಮ ಮೇಲ್ಮನವಿಗೆ ಇಲಾಖೆಯ ಅಂತಿಮ ಆದೇಶ ಕೈಸೇರಿದಂದಿನಿಂದ 30 ದಿನ, ಜಿಲ್ಲಾ ಫೆಡರಲ್ ಕೋರ್ಟಿಗೆ ಹೋಗುವುದಾದರೆ 90 ದಿನ.